ಮೊದಲ ಕಾಲದ ಫ್ಲ್ಯಾಶ್ ಬಲ್ಬುಗಳು: ಒಳಗೇನಿದೆ, ಹೇಗೆ ಉರಿಯುತ್ತದೆ, ಎಲ್ಲಿ ಕೈಕೊಡುತ್ತದೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಕ್ಯಾಮೆರಾ, ತಟ್ಟೆಯಂಥ ರಿಫ್ಲೆಕ್ಟರ್ ಇರುವ ಗನ್ನು (ಬಲ್ಬು ಸಿಕ್ಕಿಸಿ ಹೊತ್ತಿಸುವ ಹಿಡಿ), ಹತ್ತಾರು ಬಲ್ಬುಗಳು ಸಿಕ್ಕವರಿಗೆ, ಹಳೆ ಫ್ಲ್ಯಾಶ್ ಬಲ್ಬುಗಳನ್ನು ಸಂಗ್ರಹಿಸುವವರಿಗೆ, ಫಿಲ್ಮಿನಲ್ಲಿ ಅವನ್ನು ನಿಜವಾಗಿ ಬಳಸಬೇಕೆನ್ನುವವರಿಗೆ ಈ ಪುಟ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಈ ಬಲ್ಬಿನಲ್ಲಿ ಬೆಳಕು ಹುಟ್ಟಿಸುವುದು ಕಷ್ಟದ ಕೆಲಸವಾಗಿರಲಿಲ್ಲ. ಷಟರ್ (ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು) ತೆರೆದಿರುವ ಆ ಚೂರು ಹೊತ್ತಿಗೆ ಸರಿಯಾಗಿ ಬೆಳಕು ಬರುವಂತೆ ಮಾಡುವುದೇ ಕಷ್ಟವಾಗಿತ್ತು. ಲೋಹದ ದಪ್ಪ, ಅನಿಲದ ಒತ್ತಡ, ಹೊತ್ತಿಸುವ ಮದ್ದು ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಸಮಯದ ಲೆಕ್ಕಕ್ಕೇ.

ಫ್ಲ್ಯಾಶ್ ಬಲ್ಬ್ ಮನೆಯ ಬಲ್ಬಿನ ಹಾಗೆ ಕರೆಂಟಿನಿಂದ ಬೆಳಗುತ್ತದೆಯೇ?

ಇಲ್ಲ. ಕರೆಂಟಿನ ಕೆಲಸ ಕಿಡಿ ಹೊತ್ತಿಸುವುದಷ್ಟೇ. ಬೆಳಕು ಬರುವುದು ಬುರುಡೆಯೊಳಗಿನ ಲೋಹ ಆಮ್ಲಜನಕದಲ್ಲಿ ಉರಿಯುವುದರಿಂದ. ಮೊಹರು ಮಾಡಿದ ಗಾಜಿನೊಳಗೆ ನಡೆಯುವ ಒಂದೇ ಒಂದು ಬಾರಿಯ ಬೆಂಕಿ ಅದು. ಉರಿದ ಮೇಲೆ ಬಲ್ಬು ಮುಗಿಯಿತು, ಮತ್ತೆ ಬಳಸುವ ಮಾತಿಲ್ಲ.

ಬಲ್ಬಿಗೆ ಮುಂಚೆ ಫೋಟೋಗ್ರಾಫರುಗಳು ಏನು ಮಾಡುತ್ತಿದ್ದರು?

1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮೆಗ್ನೀಸಿಯಂ ತಂತಿ ಮಾರಾಟಕ್ಕೆ ಬಂತು. ಅದನ್ನು ಇಕ್ಕಳದಲ್ಲಿ ಹಿಡಿದು ಉರಿಸಿ ಗುಹೆ, ಗಣಿಗಳ ಫೋಟೋ ತೆಗೆದರು. ಉರಿಯುವುದು ನಿಧಾನ, ಎಷ್ಟು ಬೆಳಕು ಬರುತ್ತದೆಂಬ ಖಾತ್ರಿಯೂ ಇಲ್ಲ. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಟೆ ಮತ್ತು ಯೊಹಾನೆಸ್ ಗೇಡಿಕೆ ಮೆಗ್ನೀಸಿಯಂ ಪುಡಿಗೆ ಆಮ್ಲಜನಕ ಕೊಡುವ ಉಪ್ಪು ಬೆರೆಸಿ ಫ್ಲ್ಯಾಶ್ ಪುಡಿ ಮಾಡಿದರು. ಅದು ಫಕ್ಕನೆ ಉರಿಯುತ್ತಿತ್ತು. ಆದರೆ ಕೋಣೆ ತುಂಬ ಬಿಳಿ ಹೊಗೆ, ಢಮ್ ಎಂಬ ಸದ್ದು, ಪರದೆಗೆ ತಗಲುವ ಕಿಡಿ. ಬೆರೆಸುವಾಗಲೇ ಸಿಡಿದು ಬೆರಳು, ಕಣ್ಣು ಕಳೆದುಕೊಂಡವರಿದ್ದಾರೆ.

ಗಾಜಿನೊಳಗೆ ಉರಿಸುವ ಯೋಚನೆ ಮೊದಲು ಬಂದದ್ದು ನೀರಿನಡಿಯಲ್ಲಿ. ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂತಾನ್ 1893ರಲ್ಲಿ ಬಾನ್ಯೂಲ್ಸ್ ಕಡಲತೀರದಲ್ಲಿ ನೀರಿನೊಳಗೆ ಫೋಟೋ ತೆಗೆಯುತ್ತಿದ್ದಾಗ, ಶೋಫೂರ್ ಎಂಬ ವಿದ್ಯುತ್ ತಂತ್ರಜ್ಞ ಆತನಿಗಾಗಿ ಆಮ್ಲಜನಕ ತುಂಬಿದ ಗಾಜಿನ ಪಾತ್ರೆಯೊಳಗೆ ಮೆಗ್ನೀಸಿಯಂ ಪಟ್ಟಿಯ ಸುರುಳಿ ಇಟ್ಟು ಉರಿಸುವ ದೀಪ ಮಾಡಿಕೊಟ್ಟ. ಆದರೆ ಅದನ್ನು ನೆಚ್ಚಿಕೊಂಡು ಕೆಲಸ ಮಾಡುವಂತಿರಲಿಲ್ಲ, ಗಾಜು ಒಡೆಯುತ್ತಿತ್ತು. ಮುಂದೆ ಬಂದ ಎಲ್ಲ ಬಲ್ಬುಗಳ ಮೂಲ ಯೋಚನೆ ಮಾತ್ರ ಅದೇ.

ಹಾಗಾದರೆ ಅಂಗಡಿಯಲ್ಲಿ ಸಿಗುವ ಬಲ್ಬು ಯಾವಾಗ ಬಂತು?

ಜರ್ಮನಿಯ ಪೌಲ್ ಫೀರ್‌ಕಾಟರ್ 1925ರಲ್ಲಿ ಪೇಟೆಂಟ್ ಪಡೆದ ಬಲ್ಬಿನಲ್ಲಿ, ಮೆಗ್ನೀಸಿಯಂ ಮೆತ್ತಿದ ತಂತಿಯನ್ನು ಗಾಜಿನ ಬುರುಡೆಯೊಳಗೆ ಉರಿಸುವ ವ್ಯವಸ್ಥೆಯಿತ್ತು. ಅದನ್ನು ಬಳಕೆಗೆ ತಂದವನು ಯೊಹಾನೆಸ್ ಓಸ್ಟರ್‌ಮಾಯರ್. ಮೆಗ್ನೀಸಿಯಂ ಬದಲು ಅತಿ ತೆಳುವಾದ ಅಲ್ಯೂಮಿನಿಯಂ ರೇಕನ್ನು ಮುದುರಿ, ಕಡಿಮೆ ಒತ್ತಡದ ಆಮ್ಲಜನಕದಲ್ಲಿ ಇಟ್ಟ. 1929-30ರ ಹೊತ್ತಿಗೆ ಅದು ವಾಕುಬ್ಲಿಟ್ಸ್ ಹೆಸರಿನಲ್ಲಿ ಜರ್ಮನಿಯಲ್ಲಿ ಮಾರಾಟವಾಯಿತು. 1930ರಲ್ಲಿ ಬ್ರಿಟನ್ನಿನಲ್ಲಿ ಸಾಶಾಲೈಟ್ ಹೆಸರಿನಲ್ಲಿ, ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಫೋಟೋಫ್ಲ್ಯಾಶ್ ಹೆಸರಿನಲ್ಲಿ ಬಂತು. ಹೊಗೆಯಿಲ್ಲ, ಸದ್ದಿಲ್ಲ, ಬೂದಿಯಿಲ್ಲ. ಪತ್ರಿಕಾ ಫೋಟೋಗ್ರಾಫರುಗಳು ಕೆಲವೇ ವರ್ಷಗಳಲ್ಲಿ ಪುಡಿಯ ತಟ್ಟೆಯನ್ನು ಮೂಲೆಗಿಟ್ಟರು.

ಬಲ್ಬಿನೊಳಗೆ ಏನೇನಿರುತ್ತದೆ?

ಬೆಳಕಿಗೆ ಎದುರಾಗಿ ಹಿಡಿದು ನೋಡಿದರೆ ಮೊದಲು ಕಾಣುವುದು ಲೋಹ. ಸಿಹಿತಿಂಡಿಯ ಮೇಲೆ ಹಚ್ಚುವ ಬೆಳ್ಳಿ ರೇಕನ್ನು ಕೈಯಲ್ಲಿ ಮುದುರಿ ಬುರುಡೆಗೆ ತುರುಕಿದ ಹಾಗೆ ಕಂಡರೆ ಅದು 1930ರ ದಶಕದ ಮೊದಲ ಭಾಗದ ಮಾದರಿ. ಜೇಡರ ಬಲೆಯ ಉಂಡೆಯಂತೆ, ಅಥವಾ ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಹತ್ತು ಪಾಲು ತೆಳ್ಳಗೆ ಮಾಡಿ ಹರಡಿದಂತೆ ಕಂಡರೆ ಅದು ತಂತಿ ಅಥವಾ ಸೀಳಿದ ರೇಕಿನ ನಂತರದ ಮಾದರಿ.

ಅದರ ನಡುವೆ ಕೆಳಗಿನಿಂದ ಎರಡು ಕಡ್ಡಿಗಳು ಎದ್ದು ನಿಂತಿರುತ್ತವೆ. ಗಾಜನ್ನು ದಾಟುವ ಭಾಗದಲ್ಲಿ ಅವು ಡ್ಯೂಮೆಟ್ ತಂತಿ, ಅಂದರೆ ನಿಕ್ಕಲ್-ಕಬ್ಬಿಣದ ತಿರುಳಿಗೆ ತಾಮ್ರದ ಹೊದಿಕೆ. ಬಿಸಿಯಾದಾಗ ಗಾಜಿನಷ್ಟೇ ಹಿಗ್ಗುವುದರಿಂದ ಬೆಸುಗೆ ಬಿರಿಯುವುದಿಲ್ಲ, ಅನಿಲ ಸೋರುವುದಿಲ್ಲ. ಎರಡು ಕಡ್ಡಿಗಳ ತುದಿಗೆ ಸಣ್ಣ ಟಂಗ್‌ಸ್ಟನ್ ಫಿಲಮೆಂಟ್. ಕಡ್ಡಿಯ ತುದಿಗಳಲ್ಲಿ ಬೆಂಕಿಕಡ್ಡಿಯ ತಲೆಯಂಥ ಎರಡು ಬೂದು ಉಂಡೆಗಳಿರುತ್ತವೆ. ಅದೇ ಹೊತ್ತಿಸುವ ಮದ್ದು: ಜಿರ್ಕೋನಿಯಂನಂಥ ಬೇಗ ಹೊತ್ತುವ ಲೋಹದ ಪುಡಿ, ಆಮ್ಲಜನಕ ಕೊಡುವ ಉಪ್ಪು, ಹಿಡಿದಿಡುವ ಅಂಟು.

ನಡೆಯುವ ಕ್ರಮ ಹೀಗೆ. ಕರೆಂಟು ಹರಿದು ಫಿಲಮೆಂಟ್ ಕಾಯುತ್ತದೆ. ಮದ್ದು ಹೊತ್ತಿ ಉರಿಯುವ ಕಣಗಳನ್ನು ಎಲ್ಲ ದಿಕ್ಕಿಗೂ ಎರಚುತ್ತದೆ. ಆ ಕಣಗಳು ತಾಕಿದಲ್ಲೆಲ್ಲ ಲೋಹ ಹೊತ್ತಿಕೊಳ್ಳುತ್ತದೆ. ಫಿಲಮೆಂಟ್ ಒಂದೇ ನೇರವಾಗಿ ಲೋಹವನ್ನು ಹೊತ್ತಿಸಬೇಕಾದರೆ ಬೆಂಕಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹರಡಬೇಕು, ಪ್ರತಿ ಬಲ್ಬೂ ಬೇರೆ ಬೇರೆ ಹೊತ್ತು ತೆಗೆದುಕೊಳ್ಳುತ್ತದೆ. ಮದ್ದು ಎರಚಿದಾಗ ನೂರಾರು ಕಡೆ ಒಮ್ಮೆಗೇ ಬೆಂಕಿ ಹತ್ತುತ್ತದೆ. ಬಲ್ಬಿನಿಂದ ಬಲ್ಬಿಗೆ ಸಮಯ ಒಂದೇ ಬರುವುದರ ಗುಟ್ಟು ಹೆಚ್ಚಿನಂಶ ಈ ಎರಡು ಉಂಡೆಗಳಲ್ಲಿದೆ.

ಮೊದಲ ಬಲ್ಬುಗಳು ಮನೆಯ 60 ವಾಟ್ ಬಲ್ಬಿನಷ್ಟು ದೊಡ್ಡವು. ಅಷ್ಟು ಜಾಗ ಏಕೆ?

ಲೋಹಕ್ಕಾಗಿ ಅಲ್ಲ, ಆಮ್ಲಜನಕಕ್ಕಾಗಿ. ಲೆಕ್ಕ ಹಾಕಿ ನೋಡಿ. 27 ಗ್ರಾಂ ಅಲ್ಯೂಮಿನಿಯಂ ಪೂರ್ತಿ ಉರಿಯಲು 24 ಗ್ರಾಂ ಆಮ್ಲಜನಕ ಬೇಕು. ಅಂದರೆ 1 ಮಿಲಿಗ್ರಾಂ ಲೋಹಕ್ಕೆ ಸಾಮಾನ್ಯ ಒತ್ತಡದಲ್ಲಿ ಸುಮಾರು 0.68 ಮಿಲಿಲೀಟರ್ ಅನಿಲ. 50 ಮಿಲಿಗ್ರಾಂ ಲೋಹವಿಟ್ಟರೆ 34 ಮಿಲಿಲೀಟರ್. ಮೊದಲ ಬಲ್ಬುಗಳಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಮೂರನೇ ಒಂದು ಪಾಲು ಎಂದುಕೊಂಡರೆ ಅದೇ ಅನಿಲಕ್ಕೆ 100 ಮಿಲಿಲೀಟರ್ ಜಾಗ ಬೇಕು. ಅದು ಸರಿಸುಮಾರು 60 ವಾಟ್ ಬಲ್ಬಿನ ಗಾತ್ರ.

ಆ 50 ಮಿಲಿಗ್ರಾಂ ಲೋಹದ ಶಕ್ತಿಯೆಷ್ಟು? ಗ್ರಾಮಿಗೆ ಸುಮಾರು 31 ಕಿಲೋಜೂಲ್ ಲೆಕ್ಕದಲ್ಲಿ ಒಂದೂವರೆ ಕಿಲೋಜೂಲ್. ಒಂದು ಟೀ ಚಮಚ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ, ಕಣ್ಣು ಮಿಟುಕಿಸುವುದರೊಳಗೆ.

ಹೆಚ್ಚು ಒತ್ತಡದಲ್ಲಿ ತುಂಬಿದರೆ ಬುರುಡೆ ಚಿಕ್ಕದಾಗುತ್ತದೆ, ಆದರೆ ಒಡೆಯುವ ಭಯ ಹೆಚ್ಚುತ್ತದೆ. ಗಾಜಿನ ಹೊರಲೇಪ ಗಟ್ಟಿಯಾಗುತ್ತಾ ಬಂದಂತೆ ಒತ್ತಡವೂ ಏರಿತು, ಬಲ್ಬು ಕುಗ್ಗಿತು. 1950ರ ದಶಕದ ಕೊನೆಗೆ ಬಂದ ಎಜಿ-1 ಬಲ್ಬು ಕಿರುಬೆರಳ ತುದಿಯಷ್ಟು. ಅಂಥ ಪುಟ್ಟ ಬಲ್ಬುಗಳಲ್ಲಿ ಅನಿಲ ಹಲವು ಪಟ್ಟು ಒತ್ತಡದಲ್ಲಿರುತ್ತದೆ, ಬಹಳಷ್ಟರಲ್ಲಿ ಅಲ್ಯೂಮಿನಿಯಂ ಜಾಗಕ್ಕೆ ಜಿರ್ಕೋನಿಯಂ ಬಂದಿದೆ.

ರೇಕು ಬಿಟ್ಟು ತಂತಿಗೆ ಹೋದದ್ದು ಏಕೆ? ರೇಕು ಬೇಗ ಉರಿಯುವುದಿಲ್ಲವೇ?

ಬೇಗ ಉರಿಯುತ್ತದೆ, ನಿಜ. ಲೋಹ ಉರಿಯುವುದು ಮೇಲ್ಮೈಯಲ್ಲಿ. ಒಂದು ಮೈಕ್ರಾನ್ ದಪ್ಪದ ಅಲ್ಯೂಮಿನಿಯಂ ರೇಕಿನಲ್ಲಿ ಪ್ರತಿ ಗ್ರಾಮಿಗೆ ಎರಡೂ ಮುಖ ಸೇರಿ 7400 ಚದರ ಸೆಂಟಿಮೀಟರ್ ಮೇಲ್ಮೈ ಸಿಗುತ್ತದೆ. 30 ಮೈಕ್ರಾನ್ ದಪ್ಪದ ತಂತಿಯಲ್ಲಿ ಅದೇ ಒಂದು ಗ್ರಾಮಿಗೆ 500 ಮಾತ್ರ.

ಆದರೆ ರೇಕಿನ ತೊಂದರೆ ಬೇರೆ. ಮುದುರಿದ ರೇಕಿನಲ್ಲಿ ಒಂದು ಪದರ ಇನ್ನೊಂದಕ್ಕೆ ಅಂಟಿದ ಕಡೆ ಆಮ್ಲಜನಕ ನುಗ್ಗುವುದಿಲ್ಲ, ಆ ಭಾಗ ತಡವಾಗಿ ಉರಿಯುತ್ತದೆ ಅಥವಾ ಉರಿಯದೆ ಕರಗಿ ಉಳಿಯುತ್ತದೆ. ಸಾಗಾಟದಲ್ಲಿ ಕುಲುಕಿದರೆ ರೇಕು ಒಂದು ಬದಿಗೆ ಕುಸಿಯುತ್ತದೆ. ಒಂದೇ ಪೆಟ್ಟಿಗೆಯ ಎರಡು ಬಲ್ಬು ಎರಡು ಥರ ಉರಿದರೆ ಷಟರ್ ಜೊತೆ ಹೊಂದಿಸುವುದು ಹೇಗೆ?

ಹಾಲೆಂಡಿನ ಫಿಲಿಪ್ಸ್ ಕಂಪನಿಯಲ್ಲಿ ವಾನ್ ಲೀಂಪ್ಟ್ ಮತ್ತು ಸಂಗಡಿಗರು 1930ರ ದಶಕದಲ್ಲಿ ಇದಕ್ಕೆ ಉತ್ತರ ಕಂಡುಕೊಂಡರು. ಅಲ್ಯೂಮಿನಿಯಂಗೆ ಸ್ವಲ್ಪ ಮೆಗ್ನೀಸಿಯಂ ಬೆರೆಸಿದ ಹೈಡ್ರೊನೇಲಿಯಂ ಎಂಬ ಮಿಶ್ರಲೋಹವನ್ನು ಕೂದಲಿಗಿಂತ ತೆಳುವಾದ ತಂತಿಯಾಗಿ ಎಳೆದು ಬುರುಡೆಯಲ್ಲಿ ಹರಡಿದರು. ತಂತಿಗೆ ಸ್ಪ್ರಿಂಗಿನ ಗುಣವಿದೆ. ಬುರುಡೆಯ ಗೋಡೆಗೆ ಒತ್ತಿಕೊಂಡು ತಾನೇ ತಾನಾಗಿ ಜಾಗವನ್ನೆಲ್ಲ ಸಮನಾಗಿ ತುಂಬುತ್ತದೆ, ಕುಸಿಯುವುದಿಲ್ಲ. ಎಲ್ಲ ಎಳೆಗೂ ಸುತ್ತ ಆಮ್ಲಜನಕ ಇರುತ್ತದೆ. ತಂತಿಯ ದಪ್ಪ ಬದಲಿಸಿದರೆ ಉರಿಯುವ ಹೊತ್ತೂ ಬದಲಾಗುತ್ತದೆ. ವಿನ್ಯಾಸಕಾರನ ಕೈಗೆ ಮೊದಲ ಬಾರಿಗೆ ಒಂದು ತಿರುಪು ಸಿಕ್ಕಿತು ಎನ್ನಬೇಕು. ಅಮೆರಿಕದಲ್ಲಿ ವಾಬ್ಯಾಶ್ ಕಂಪನಿ ತಂತಿಯ ದಾರಿ ಹಿಡಿಯಿತು, ಜನರಲ್ ಎಲೆಕ್ಟ್ರಿಕ್ ರೇಕನ್ನೇ ಕೂದಲೆಳೆಗಳಂತೆ ಸೀಳಿ ತುಂಬಿತು. ಎರಡೂ ಹೊರಟದ್ದು ಒಂದೇ ಗುರಿಗೆ.

ಬಲ್ಬು ಎಷ್ಟು ಹೊತ್ತು ಉರಿಯುತ್ತದೆ? ಎಂ, ಎಫ್, ಎಫ್‌ಪಿ ಎಂದು ಬರೆದಿರುವುದು ಏನು?

ಸಾಮಾನ್ಯ ಬಲ್ಬಿನಲ್ಲಿ, ಉದಾಹರಣೆಗೆ ಜನರಲ್ ಎಲೆಕ್ಟ್ರಿಕ್ ನಂ. 5ರಲ್ಲಿ, ಸ್ವಿಚ್ ಒತ್ತಿದ ಮೇಲೆ ಮೊದಲ ಕೆಲವು ಮಿಲಿಸೆಕೆಂಡ್ ಏನೂ ಕಾಣುವುದಿಲ್ಲ. ಫಿಲಮೆಂಟ್ ಕಾಯಬೇಕು, ಮದ್ದು ಹೊತ್ತಬೇಕು. ಬೆಳಕು ಏರುತ್ತಾ ಹೋಗಿ 20 ಮಿಲಿಸೆಕೆಂಡಿನ ಸುಮಾರಿಗೆ ತುತ್ತತುದಿ ಮುಟ್ಟುತ್ತದೆ, ಇನ್ನು 20 ಮಿಲಿಸೆಕೆಂಡಿನಲ್ಲಿ ಬಹುತೇಕ ಇಳಿದುಹೋಗುತ್ತದೆ. ಇದು ಎಂ ವರ್ಗ.

ಎಫ್ ವರ್ಗದ್ದು ಚುರುಕು, 5 ಮಿಲಿಸೆಕೆಂಡಿಗೆ ತುದಿ ಮುಟ್ಟುತ್ತದೆ. ಈ ವರ್ಗದ ಎಸ್‌ಎಂ ಎಂಬ ಬಲ್ಬನ್ನು ಬೆಳಕಿಗೆ ಹಿಡಿದರೆ ಒಳಗೆ ರೇಕೂ ಇಲ್ಲ, ತಂತಿಯೂ ಇಲ್ಲ. ಖಾಲಿ ಎಂದು ಬಿಸಾಡಿದವರುಂಟು. ಅದರಲ್ಲಿ ಉರಿಯುವುದು ಮದ್ದಿನ ಉಂಡೆಗಳೇ. ಬೆಳಕು ನಂ. 5ರ ಮೂರನೇ ಒಂದು ಪಾಲಿಗಿಂತಲೂ ಕಡಿಮೆ.

ಎಸ್ ವರ್ಗದವು ದೊಡ್ಡ, ನಿಧಾನದ ಬಲ್ಬುಗಳು. ಎಫ್‌ಪಿ ಎಂಬುದು ಫೋಕಲ್ ಪ್ಲೇನ್ ಷಟರಿಗೆ. ಆ ಷಟರಿನಲ್ಲಿ ಪರದೆಯ ಸೀಳು ಫಿಲ್ಮಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಸರಿಯುತ್ತದೆ. ಅಷ್ಟು ಹೊತ್ತೂ ಬೆಳಕು ಒಂದೇ ಮಟ್ಟದಲ್ಲಿರಬೇಕು, ಇಲ್ಲವಾದರೆ ಚಿತ್ರದ ಒಂದು ಬದಿ ಕಪ್ಪು. ಹಾಗಾಗಿ ಎಫ್‌ಪಿ ಬಲ್ಬಿನಲ್ಲಿ ಬೆಳಕಿನ ಏರಿಳಿತ ಬೆಟ್ಟದ ಚೂಪಿನಂತಿರದೆ ಮೈದಾನದಂತೆ ಚಪ್ಪಟೆ.

ನನ್ನ ಕ್ಯಾಮೆರಾದ ಫ್ಲ್ಯಾಶ್ ಸಂಪರ್ಕದಲ್ಲಿ ಎಕ್ಸ್ ಗುರುತು ಮಾತ್ರ ಇದೆ, ಎಂ ಇಲ್ಲ. ಬಲ್ಬು ಬಳಸಬಹುದೇ?

ಬಳಸಬಹುದು, ಷಟರ್ ನಿಧಾನ ಇಟ್ಟರೆ. ಎಕ್ಸ್ ಸಂಪರ್ಕ ಕೂಡುವುದು ಷಟರ್ ಪೂರ್ತಿ ತೆರೆದ ಕ್ಷಣದಲ್ಲಿ. ಅಲ್ಲಿಂದ ಬಲ್ಬು ತುದಿ ಮುಟ್ಟಲು 20 ಮಿಲಿಸೆಕೆಂಡ್ ಬೇಕು. 1/30 ಸೆಕೆಂಡ್ ಎಂದರೆ 33 ಮಿಲಿಸೆಕೆಂಡ್, ಬೆಳಕಿನ ಹೆಚ್ಚಿನ ಪಾಲು ಸಿಗುತ್ತದೆ. 1/60 ಎಂದರೆ 17, ತುದಿ ಮುಟ್ಟುವ ಮೊದಲೇ ಬಾಗಿಲು ಮುಚ್ಚಿತು. 1/125ಕ್ಕೆ ಫಿಲ್ಮಿನಲ್ಲಿ ಏನೂ ಇರುವುದಿಲ್ಲ. ಒಂದೇ ವೇಗದ ಹಳೆಯ ಡಬ್ಬಾ ಕ್ಯಾಮೆರಾಗಳಲ್ಲಿ ಬಲ್ಬು ಸರಿಯಾಗಿ ಕೆಲಸ ಮಾಡುತ್ತಿದ್ದುದು ಅವುಗಳ ಷಟರ್ ಅಷ್ಟು ನಿಧಾನವಾಗಿದ್ದುದರಿಂದಲೇ.

ಎಂ ಗುರುತಿರುವ ಲೀಫ್ ಷಟರಿನಲ್ಲಿ (ತೆಳು ಲೋಹದ ಎಲೆಗಳು ತೆರೆದು ಮುಚ್ಚುವ ಷಟರ್) ಒಂದು ಪುಟ್ಟ ಹಲ್ಲುಗಾಲಿಯ ಸಾಲು ಇದೆ. ಅದು ಮೊದಲು ಬಲ್ಬಿಗೆ ಕರೆಂಟು ಕೊಟ್ಟು, ಹದಿನೈದಿಪ್ಪತ್ತು ಮಿಲಿಸೆಕೆಂಡ್ ತಡೆದು, ಆಮೇಲೆ ಎಲೆಗಳನ್ನು ತೆರೆಯುತ್ತದೆ. ಆಗ 1/250ರಲ್ಲೂ ತುದಿಯ ಬೆಳಕು ಸಿಗುತ್ತದೆ, ತೆಳುವಾದ ಒಂದು ಹೋಳು ಮಾತ್ರ ಎನ್ನುವುದನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು.

ಎಂ ಕೆಲಸ ಮಾಡುತ್ತಿದೆಯೇ ಎಂದು ಬಲ್ಬು ಸುಡದೆ ತಿಳಿಯುವುದು ಹೇಗೆ?

ಒಂದು ಎಲೆಕ್ಟ್ರಾನಿಕ್ ಫ್ಲ್ಯಾಶ್ ಸಾಕು. ಫಿಲ್ಮಿಲ್ಲದೆ ಕ್ಯಾಮೆರಾದ ಹಿಂಬಾಗಿಲು ತೆರೆಯಿರಿ. ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಪೂರ್ತಿ ತೆರೆಯಿರಿ. ವೇಗ 1/125. ಫ್ಲ್ಯಾಶನ್ನು ಎದುರಿನ ಬಿಳಿ ಗೋಡೆಗೆ ತಿರುಗಿಸಿ ಹಿಂದಿನಿಂದ ಲೆನ್ಸಿನ ಮೂಲಕ ನೋಡಿ. ಲಿವರ್ ಎಕ್ಸ್‌ನಲ್ಲಿದ್ದಾಗ ತುಂಬಿದ ಬಿಳಿ ವೃತ್ತ ಕಾಣಬೇಕು. ಎಂಗೆ ಸರಿಸಿ ಮತ್ತೆ ಒತ್ತಿ. ಈಗ ಏನೂ ಕಾಣಬಾರದು, ಏಕೆಂದರೆ ಫ್ಲ್ಯಾಶ್ ಹೊಳೆದು ಮುಗಿದ ಮೇಲೆ ಷಟರ್ ತೆರೆಯುತ್ತದೆ. ಎಂನಲ್ಲೂ ಬಿಳಿ ವೃತ್ತ ಕಂಡರೆ ತಡೆಯುವ ಗಾಲಿಗಳು ಹಳೆ ಎಣ್ಣೆಗೆ ಅಂಟಿ ನಿಂತಿವೆ, ಅಥವಾ ಹಲ್ಲು ಕೂಡುತ್ತಿಲ್ಲ. ಹೀಗಿದ್ದಾಗ ಲಿವರನ್ನು ಬಲವಂತವಾಗಿ ತಳ್ಳಬೇಡಿ. ಷಟರ್ ಬಿಚ್ಚಿ ತೊಳೆಯುವ ಕೆಲಸ ಗೊತ್ತಿರುವವರಿಗೆ ಕೊಡಿ.

ಸಿಂಕ್ (ಷಟರ್ ಜೊತೆಗೇ ಬಲ್ಬು ಹೊತ್ತಿಸುವ ಸಂಪರ್ಕ) ಇಲ್ಲದ 1930ರ ದಶಕದ ಕ್ಯಾಮೆರಾಗಳಲ್ಲಿ ಹೇಗೆ ತೆಗೆಯುತ್ತಿದ್ದರು?

ಸ್ಟ್ಯಾಂಡಿಗೆ ಕ್ಯಾಮೆರಾ ಹಾಕಿ, ಷಟರನ್ನು ಟಿ ಅಥವಾ ಬಿಯಲ್ಲಿ (ಬೇಕಾದಷ್ಟು ಹೊತ್ತು ತೆರೆದಿಡುವ ಗುರುತುಗಳು) ತೆರೆದಿಟ್ಟು, ಕೈಯಲ್ಲಿ ಬಲ್ಬು ಹೊತ್ತಿಸಿ, ಷಟರ್ ಮುಚ್ಚುವುದು. ನಿಂತ ವಸ್ತುಗಳಿಗೆ ಇಂದಿಗೂ ಇದಕ್ಕಿಂತ ನಂಬಿಕಸ್ತ ದಾರಿಯಿಲ್ಲ.

ಕೈಯಲ್ಲಿ ಹಿಡಿದು ತೆಗೆಯುವ ಪತ್ರಿಕಾ ಕ್ಯಾಮೆರಾಗಳಿಗೆ ಸೊಲೆನಾಯ್ಡ್, ಅಂದರೆ ಕರೆಂಟು ಹರಿದಾಗ ಕಬ್ಬಿಣದ ಕಡ್ಡಿಯನ್ನು ಎಳೆಯುವ ತಂತಿ ಸುರುಳಿ, ಬಂತು. ಗನ್ನಿನ ಹಿಡಿಯಲ್ಲಿರುವ ಟಾರ್ಚ್ ಸೆಲ್ಲುಗಳು ಬಲ್ಬನ್ನೂ ಸೊಲೆನಾಯ್ಡನ್ನೂ ಒಟ್ಟಿಗೆ ಎಚ್ಚರಿಸುತ್ತವೆ. ಸೊಲೆನಾಯ್ಡಿನ ಕಬ್ಬಿಣದ ಕಡ್ಡಿ ಚಲಿಸಿ ಷಟರಿನ ಲಿವರ್ ಒತ್ತುವುದಕ್ಕೆ ತಗಲುವ ಹೊತ್ತೇ ಇಲ್ಲಿ ಬೇಕಾದ ವಿಳಂಬ. ಸೊಲೆನಾಯ್ಡನ್ನು ಲೆನ್ಸ್ ಬೋರ್ಡಿನ ಮೇಲೆ ತುಸು ಮೇಲೆ ಕೆಳಗೆ ಸರಿಸಿ ಆ ಹೊತ್ತನ್ನು ಹೊಂದಿಸುತ್ತಿದ್ದರು. ಸೆಲ್ಲು ಇಳಿದರೆ ಕಡ್ಡಿ ಸೋಮಾರಿಯಾಗುತ್ತದೆ, ಬಲ್ಬೂ ತಡವಾಗಿ ಹೊತ್ತುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ತಡವಾಗುವುದಿಲ್ಲ ಎಂಬುದೇ ಸಂಕಟ. ಬಲ್ಬು ಹೊಳೆದರೂ ಚಿತ್ರ ಕಪ್ಪಾಗಿ ಬಂದರೆ ಮೊದಲು ಸೆಲ್ಲು ಬದಲಿಸಿ ನೋಡಿ.

ಬಲ್ಬು ಸಿಡಿಯುತ್ತದೆಯೇ? ಏಕೆ?

ಸರಿಯಾಗಿರುವ ಬಲ್ಬು ಸಿಡಿಯುವುದು ಅಪರೂಪ. ಕಾರಣ ಕೇಳಿ. ಒಳಗಿನ ಆಮ್ಲಜನಕ ಲೋಹದ ಜೊತೆ ಸೇರಿ ಘನರೂಪದ ಬಿಳಿ ಪುಡಿಯಾಗುತ್ತದೆ. ಅನಿಲ ಬಿಸಿಯಾಗುವುದೂ ಅನಿಲ ಕರಗಿಹೋಗುವುದೂ ಒಟ್ಟಿಗೇ ನಡೆಯುವುದರಿಂದ ಒತ್ತಡ ಮಿತಿಮೀರುವುದಿಲ್ಲ. ಮೊದಲ ಬಲ್ಬುಗಳಲ್ಲಂತೂ ಶುರುವಿನ ಒತ್ತಡವೇ ಕಡಿಮೆ.

ಕೂದಲೆಳೆಯಷ್ಟು ಬಿರುಕು ಬಿದ್ದರೆ ಕಥೆ ಬೇರೆ. ಹೊರಗಿನ ಗಾಳಿ ಮೆಲ್ಲಗೆ ಒಳಗೆ ನುಗ್ಗಿ ಒತ್ತಡ ಸಮನಾಗುತ್ತದೆ. ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕ. ಅದು ಲೋಹದ ಜೊತೆ ಆಮ್ಲಜನಕದಂತೆ ಸೇರಿ ಮಾಯವಾಗುವುದಿಲ್ಲ, ಕಾದು ಹಿಗ್ಗುತ್ತದೆ. ಗಾಜು ಚೂರುಚೂರಾಗುತ್ತದೆ. ಕುದಿಯುವ ಲೋಹದ ಹನಿ ಗಾಜಿಗೆ ತಾಕಿ ಬಿರಿಯುವುದು ಇನ್ನೊಂದು ಕಾರಣ.

ಇದಕ್ಕೆ ಎರಡು ಉಪಾಯ ಮಾಡಿದರು. ಒಂದು, ಬುರುಡೆಯನ್ನು ಸೆಲ್ಯುಲೋಸ್ ಅಸಿಟೇಟ್ ಲ್ಯಾಕರಿನಲ್ಲಿ ಅದ್ದಿ ಒಣಗಿಸಿ ಪಾರದರ್ಶಕ ಅಂಗಿ ತೊಡಿಸುವುದು. ಗಾಜು ಒಡೆದರೂ ಚೂರು ಹಾರದೆ ಅಂಗಿಯೊಳಗೇ ಉಳಿಯುತ್ತದೆ. ಇನ್ನೊಂದು ನೀಲಿ ಚುಕ್ಕೆ. ಬುರುಡೆಯ ಒಳಮೈಯಲ್ಲಿ ಕೋಬಾಲ್ಟ್ ಲವಣದ ಒಂದು ಬೊಟ್ಟು ಇಟ್ಟಿರುತ್ತಾರೆ. ಒಣಗಿದ್ದಾಗ ಅದು ನೀಲಿ. ಬಿರುಕಿನಿಂದ ಗಾಳಿಯ ತೇವ ಒಳಬಂದರೆ ಗುಲಾಬಿ. ಗುಲಾಬಿ ಚುಕ್ಕೆಯ ಬಲ್ಬನ್ನು ಗನ್ನಿಗೆ ಹಾಕಲೇಬೇಡಿ.

ಚುಕ್ಕೆ ಇಲ್ಲದ ಮೊದಲ ಕಾಲದ ಬಲ್ಬುಗಳಲ್ಲಿ ಲ್ಯಾಕರ್ ಕೂಡ ಇಲ್ಲದಿರಬಹುದು. ಅವನ್ನು ಉರಿಸಬೇಡಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅವು ಕಪಾಟಿನಲ್ಲಿದ್ದರೇ ಚೆಂದ, ಉಳಿದಿರುವುದೂ ಕಡಿಮೆ. ಲ್ಯಾಕರ್ ಹಳದಿಗಟ್ಟಿದ್ದರೆ, ಹಪ್ಪಳದಂತೆ ಎದ್ದು ಬರುತ್ತಿದ್ದರೆ ಅಂಥವೂ ಅದೇ ಲೆಕ್ಕಕ್ಕೆ ಸೇರಿದವು.

ನೀಲಿ ಬಣ್ಣದ ಬಲ್ಬು ಏಕೆ?

ಅಲ್ಯೂಮಿನಿಯಂ ಉರಿಯ ಬಣ್ಣ ಸುಮಾರು 3800 ಕೆಲ್ವಿನ್, ಹಗಲಿನ ಬೆಳಕಿಗಿಂತ ಹಳದಿ. ಕಪ್ಪು-ಬಿಳುಪಿಗೆ ಅಡ್ಡಿಯಿಲ್ಲ. ಡೇಲೈಟ್ ಕಲರ್ ಫಿಲ್ಮಿನಲ್ಲಿ ಮುಖಗಳೆಲ್ಲ ಅರಿಶಿನ ಬಳಿದಂತೆ ಬರುತ್ತವೆ. ಲ್ಯಾಕರಿಗೇ ನೀಲಿ ಬೆರೆಸಿ ಇದನ್ನು ಸರಿಮಾಡಿದರು. ಹೆಸರಿನ ಕೊನೆಗೆ ಬಿ ಇದ್ದರೆ ನೀಲಿ ಬಲ್ಬು. ಬೆಳಕು ಸುಮಾರು ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧದಷ್ಟು.

ಎಕ್ಸ್‌ಪೋಶರ್ ಲೆಕ್ಕ ಹೇಗೆ?

ಬಲ್ಬಿನ ಪೆಟ್ಟಿಗೆಯ ಮೇಲೆ ಗೈಡ್ ನಂಬರಿನ ಕೋಷ್ಟಕ ಇರುತ್ತದೆ. ಫಿಲ್ಮ್ ವೇಗ, ಷಟರ್ ವೇಗ, ರಿಫ್ಲೆಕ್ಟರ್ ಮೂರಕ್ಕೂ ಹೊಂದುವ ಸಂಖ್ಯೆ ಹುಡುಕಿ. ಅದನ್ನು ಬಲ್ಬಿನಿಂದ ವಸ್ತುವಿಗಿರುವ ದೂರದಿಂದ ಭಾಗಿಸಿದರೆ ಅಪರ್ಚರ್. ಸಂಖ್ಯೆ ಮೀಟರಿನಲ್ಲಿ 40, ದೂರ 5 ಮೀಟರ್ ಆದರೆ ಎಫ್/8. ಫಿಲ್ಮ್ ವೇಗ ನಾಲ್ಕು ಪಟ್ಟಾದರೆ ಗೈಡ್ ನಂಬರ್ ಎರಡು ಪಟ್ಟು.

ಎಡವುವುದು ಸಾಮಾನ್ಯವಾಗಿ ಇಲ್ಲಿ: ಅಮೆರಿಕದ ಪೆಟ್ಟಿಗೆಗಳ ಸಂಖ್ಯೆ ಅಡಿಯಲ್ಲಿದೆ, ಮೀಟರಿಗೆ ತರಲು 3.28ರಿಂದ ಭಾಗಿಸಬೇಕು. ದೂರ ಅಳೆಯಬೇಕಾದ್ದು ಬಲ್ಬಿನಿಂದ, ಕ್ಯಾಮೆರಾದಿಂದಲ್ಲ. ಕೋಷ್ಟಕಗಳು ಬಿಳಿ ಗೋಡೆಯ ಸಾಧಾರಣ ಕೋಣೆಗಾಗಿ, ರಾತ್ರಿ ಬಯಲಿನಲ್ಲಿ ತೆಗೆಯುವುದಾದರೆ ಒಂದು ಸ್ಟಾಪ್ ಹೆಚ್ಚು ತೆರೆಯಿರಿ.

ಇನ್ನೊಂದು ಸೂಕ್ಷ್ಮವನ್ನು ಬಹಳ ಜನ ಗಮನಿಸುವುದಿಲ್ಲ. 1960ರಲ್ಲಿ ಫಿಲ್ಮ್ ವೇಗ ಹೇಳುವ ಎಎಸ್‌ಎ ಮಾನಕ ಬದಲಾಯಿತು, ಅದೇ ಕಪ್ಪು-ಬಿಳುಪು ಫಿಲ್ಮಿನ ಸಂಖ್ಯೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ನಿಮ್ಮ ಪೆಟ್ಟಿಗೆ ಅದಕ್ಕಿಂತ ಹಳೆಯದಾದರೆ ಇಂದಿನ 100ರ ಕಪ್ಪು-ಬಿಳುಪು ಫಿಲ್ಮಿಗೆ ಎಎಸ್‌ಎ 50ರ ಸಾಲು ಓದಬೇಕು. 100ರ ಸಾಲು ಓದಿದರೆ ನೆಗೆಟಿವ್ ಒಂದು ಸ್ಟಾಪ್ ತೆಳುವಾಗುತ್ತದೆ.

ಬಲ್ಬು ಹೊತ್ತುತ್ತಿಲ್ಲ. ಎಲ್ಲಿಂದ ಹುಡುಕಲಿ?

ಬುಡದಿಂದ. ಬಯೊನೆಟ್ ಬುಡದ ನಡುವಿನ ಬೆಸುಗೆಯ ಚುಕ್ಕೆ ಎಷ್ಟೋ ವರ್ಷದಿಂದ ಗಾಳಿಗೆ ಮಂಕಾಗಿರುತ್ತದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹೊಳಪು ತನ್ನಿ. ಹೋಲ್ಡರಿನೊಳಗಿನ ಸ್ಪ್ರಿಂಗ್ ತುದಿಯನ್ನೂ ಹಾಗೆಯೇ. ಆ ಕಾಲದ ಪತ್ರಿಕಾ ಫೋಟೋಗ್ರಾಫರುಗಳು ಬಲ್ಬಿನ ಬುಡವನ್ನು ನಾಲಗೆಗೆ ತಾಕಿಸಿ ಹಾಕುತ್ತಿದ್ದರು, ಎಂಜಲಿನ ತೇವಕ್ಕೆ ಸಂಪರ್ಕ ಸುಧಾರಿಸಲಿ ಎಂದು. ಬೆಸುಗೆಯಲ್ಲಿ ಸೀಸವಿದೆ, ನೀವು ಅದನ್ನು ಮಾಡಬೇಡಿ.

ಬುಡ ಸರಿಯಿದ್ದರೆ ಸೆಲ್ಲು, ಆಮೇಲೆ ಸಿಂಕ್ ತಂತಿ. ತಂತಿ ಮಡಚುವ ಕುತ್ತಿಗೆಯಲ್ಲೇ ಒಳಗೆ ತುಂಡಾಗಿರುತ್ತದೆ. ಕೊನೆಗೆ ಬಲ್ಬು. ಬೆಳಕಿಗೆ ಹಿಡಿದಾಗ ಮದ್ದಿನ ಉಂಡೆ ಉದುರಿ ಬುರುಡೆಯ ಬುಡದಲ್ಲಿ ಪುಡಿಯಾಗಿ ಬಿದ್ದಿದ್ದರೆ ಅದನ್ನು ಬಿಟ್ಟುಬಿಡಿ. ಒತ್ತಿದರೂ ಹೊತ್ತದ ಬಲ್ಬನ್ನು ತಕ್ಷಣ ಕೈಯಿಂದ ತೆಗೆಯಬೇಡಿ. ಸಿಂಕ್ ತಂತಿ ಕಿತ್ತು, ಒಂದು ನಿಮಿಷ ಬಿಟ್ಟು ತೆಗೆಯಿರಿ.

ಕೆಪ್ಯಾಸಿಟರ್ ಇರುವ ಗನ್ನನ್ನು ಮತ್ತೆ ಬಳಕೆಗೆ ತರುವುದು ಹೇಗೆ?

ಸೆಲ್ಲುಗಳ ಸೋಮಾರಿತನಕ್ಕೆ ಬಂದ ಪರಿಹಾರ ಇದು. 22.5 ವೋಲ್ಟಿನ ಪುಟ್ಟ ಬ್ಯಾಟರಿ ಕೆಲವು ಸಾವಿರ ಓಮ್‌ ರೆಸಿಸ್ಟರಿನ ಮೂಲಕ 100 ಮೈಕ್ರೋಫ್ಯಾರಡ್ ಆಸುಪಾಸಿನ ಕೆಪ್ಯಾಸಿಟರನ್ನು ತುಂಬುತ್ತದೆ. ಷಟರ್ ಒತ್ತಿದಾಗ ಅದು ಒಮ್ಮೆಗೇ ಬಲ್ಬಿಗೆ ಸುರಿಯುತ್ತದೆ. ಬ್ಯಾಟರಿ ಅರ್ಧ ಮುದಿಯಾದರೂ ಹೊತ್ತುವ ಸಮಯ ಬದಲಾಗುವುದಿಲ್ಲ. ತುಂಬಿದ ಕೆಪ್ಯಾಸಿಟರಿನ ಶಕ್ತಿ 0.025 ಜೂಲ್. ಮೇಲೆ ಹೇಳಿದ 50 ಮಿಲಿಗ್ರಾಂ ಲೋಹ ಕೊಡುವ ಶಾಖದ ಅರವತ್ತು ಸಾವಿರದಲ್ಲಿ ಒಂದು ಪಾಲು. ಕಿಡಿಗೆ ಅಷ್ಟು ಸಾಕು.

22.5 ವೋಲ್ಟಿನ ಬ್ಯಾಟರಿ ಸಿಗದಿದ್ದರೆ, ಕಾರಿನ ರಿಮೋಟಿಗೆ ಹಾಕುವ 12 ವೋಲ್ಟಿನ ಎರಡು ಸಣ್ಣ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರೆ 24 ವೋಲ್ಟ್ ಬರುತ್ತದೆ, ನಡೆಯುತ್ತದೆ. ಹಳೆ ಕೆಪ್ಯಾಸಿಟರ್ ಒಣಗಿ ಸೋರುತ್ತಿರುತ್ತದೆ, ಅದನ್ನು ನಂಬದೆ 100ರಿಂದ 220 ಮೈಕ್ರೋಫ್ಯಾರಡ್, 35 ವೋಲ್ಟಿನ ಹೊಸದನ್ನು ಹಾಕಿ. ಪ್ಲಸ್-ಮೈನಸ್ ತಪ್ಪಬಾರದು. ರೆಸಿಸ್ಟರ್ ಇದೆಯೇ ಎಂದು ಕಣ್ಣಾರೆ ನೋಡಿ. ಬಹಳ ಗನ್ನುಗಳಲ್ಲಿ ಕೆಪ್ಯಾಸಿಟರ್ ತುಂಬುವ ಕರೆಂಟು ಬಲ್ಬಿನ ಮೂಲಕವೇ ಹರಿಯುತ್ತದೆ. 3300 ಓಮ್ ಇದ್ದರೆ ಅದು 7 ಮಿಲಿಆಂಪ್, ಬಲ್ಬಿಗೆ ತಿಳಿಯುವುದೂ ಇಲ್ಲ. ಯಾರೋ ರಿಪೇರಿಯಲ್ಲಿ ರೆಸಿಸ್ಟರ್ ತೆಗೆದು ನೇರ ತಂತಿ ಹಾಕಿದ್ದರೆ ಬಲ್ಬು ಹಾಕಿದೊಡನೆ ಬೆರಳ ನಡುವೆಯೇ ಉರಿಯುತ್ತದೆ. ಷಟರಿನ ಸಂಪರ್ಕ ಅಂಟಿಕೊಂಡಿದ್ದಾಗಲೂ ಹೀಗಾಗಬಹುದು. ಆದ್ದರಿಂದ ಸಿಂಕ್ ತಂತಿ ಕಳಚಿಟ್ಟೇ ಬಲ್ಬು ಹಾಕಿ.

ಒಂದಕ್ಕಿಂತ ಹೆಚ್ಚು ಬಲ್ಬು ಒಟ್ಟಿಗೆ ಉರಿಸುವುದು ಹೇಗೆ?

ಒಂದೇ ಜಾತಿಯ, ಸಾಧ್ಯವಾದರೆ ಒಂದೇ ಪೆಟ್ಟಿಗೆಯ ಬಲ್ಬುಗಳನ್ನು ಬಳಸಿ. ಸಾಲಾಗಿ ಜೋಡಿಸಿದರೆ ಎಲ್ಲ ಫಿಲಮೆಂಟಿಗೂ ಒಂದೇ ಕರೆಂಟು, ವೋಲ್ಟೇಜು ಮಾತ್ರ ಹೆಚ್ಚು ಬೇಕು. ಬೇರೆ ಜಾತಿ ಬೆರೆಸಿದರೆ ಮೊದಲು ಹೊತ್ತಿದ್ದು ಫಿಲಮೆಂಟ್ ಕಡಿದುಕೊಂಡು ಉಳಿದವಕ್ಕೆ ಕರೆಂಟು ನಿಲ್ಲಿಸುತ್ತದೆ. ಒಂದು ಸಂಪರ್ಕ ಕೆಟ್ಟರೂ ಇಡೀ ಸಾಲು ಕತ್ತಲೆ. ಅಮೆರಿಕದ ಒ. ವಿನ್‌ಸ್ಟನ್ ಲಿಂಕ್ 1950ರ ದಶಕದ ಕೊನೆಗೆ ಉಗಿಬಂಡಿಗಳ ರಾತ್ರಿ ಚಿತ್ರಗಳಿಗೆ ಒಂದೇ ಹೊಡೆತಕ್ಕೆ ಹತ್ತಾರು ಬಲ್ಬು ಉರಿಸುತ್ತಿದ್ದರು. ಓಡುವ ರೈಲಿಗೆ ಎರಡನೇ ಅವಕಾಶವಿಲ್ಲ. ಒಂದೊಂದು ಜೋಡಣೆಯನ್ನೂ ಮೊದಲೇ ಪರೀಕ್ಷಿಸದೆ ಅದು ಆಗುವ ಕೆಲಸವಲ್ಲ.

ಉರಿಯುವ ಬಲ್ಬಿಗೆ ಒತ್ತಿಕೊಂಡಿರುವ ಇನ್ನೊಂದು ಬಲ್ಬು ಬರೀ ಶಾಖದ ಹೊಡೆತಕ್ಕೇ ಹೊತ್ತಬಹುದು. ಬಿಡಿ ಬಲ್ಬುಗಳನ್ನು ಗನ್ನಿನ ಪಕ್ಕ ರಾಶಿ ಹಾಕಬೇಡಿ.

ಮಲ್ಟಿಮೀಟರಿನಲ್ಲಿ ಬಲ್ಬು ಪರೀಕ್ಷಿಸಬಹುದೇ?

ಮುಳ್ಳಿನ ಮೀಟರಿನಲ್ಲಿ ಖಂಡಿತ ಬೇಡ. ಓಮ್‌ನ ಅತಿ ಕೆಳಗಿನ ರೇಂಜಿನಲ್ಲಿ ಅದು ಬಲ್ಬಿಗೆ ನೂರು ಮಿಲಿಆಂಪ್‌ವರೆಗೂ ಕೊಡಬಲ್ಲದು. ಡಿಜಿಟಲ್ ಮೀಟರಿನ ಕರೆಂಟು ಸಾಮಾನ್ಯವಾಗಿ ಬಹಳ ಕಡಿಮೆ, ಆದರೂ ಬಲ್ಬನ್ನು ದಪ್ಪ ಸ್ಟೀಲ್ ಪಾತ್ರೆಯೊಳಗಿಟ್ಟು, ತಂತಿ ಮಾತ್ರ ಹೊರತಂದು ನೋಡಿ.

ಇಟ್ಟುಕೊಳ್ಳುವಾಗ, ಬಳಸುವಾಗ ಏನು ಎಚ್ಚರ?

ಮೂಲ ರಟ್ಟಿನ ತೋಳಿನಲ್ಲೇ ಇಡಿ. ಚಿಕ್ಕ ಬಲ್ಬುಗಳಲ್ಲಿ ಎರಡು ತಂತಿಗಳು ಬರಿಮೈಯಲ್ಲಿರುತ್ತವೆ. ಉಣ್ಣೆ, ನೈಲಾನ್ ಬಟ್ಟೆಯ ಜೇಬಿನಲ್ಲಿ ಉಜ್ಜಿ ಹುಟ್ಟುವ ಸ್ಥಿರವಿದ್ಯುತ್ತಿಗೂ ಹೊತ್ತಿದ್ದುಂಟು. ಬಲವಾದ ರೇಡಿಯೊ ಪ್ರಸಾರದ ಆಂಟೆನಾ ಹತ್ತಿರವೂ ಒಯ್ಯಬಾರದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬುಡಕ್ಕೆ ತುಕ್ಕು, ರಟ್ಟಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಉರಿಸುವಾಗ ರಿಫ್ಲೆಕ್ಟರಿನ ಮುಂದೆ ಪಾರದರ್ಶಕ ಮುಚ್ಚಳ ಇರಲಿ, ಇಲ್ಲವಾದರೆ ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟಿ. ಮುಖದಿಂದ ಎರಡು ಮೀಟರ್ ದೂರ ಕಾಯ್ದುಕೊಳ್ಳಿ. ಮಕ್ಕಳ ಕಣ್ಣಿನ ಹತ್ತಿರ ಎಂದೂ ಬೇಡ. ಪೆಟ್ರೋಲು, ಗ್ಯಾಸು ಇರುವಲ್ಲಿ ಬೇಡವೇ ಬೇಡ. ಗಾಜಿನೊಳಗಿದ್ದರೂ ಅದು ಬೆಂಕಿ.

ಮನೆಯಲ್ಲಿ ಮಾಡಿಕೊಳ್ಳಬಹುದೇ?

ಬೇಡ. ಶುದ್ಧ ಆಮ್ಲಜನಕ, ಉರಿಯುವ ಲೋಹ, ಅತಿಸೂಕ್ಷ್ಮ ಮದ್ದು ಮೂರನ್ನೂ ಒಂದೆಡೆ ಸೇರಿಸಿ ಗಾಜನ್ನು ಜ್ವಾಲೆಯಲ್ಲಿ ಮುಚ್ಚಬೇಕಾದ ಕೆಲಸ ಇದು. ಕಾರ್ಖಾನೆಗಳೇ ಅದನ್ನು ಮರೆಯ ಹಿಂದಿನ ಯಂತ್ರಗಳಿಗೆ ಬಿಟ್ಟಿದ್ದವು.

ಭಾರತದಲ್ಲಿ ಇವು ಬಳಕೆಯಲ್ಲಿದ್ದವೇ? ಯಾವಾಗ ನಿಂತವು?

ಚೆನ್ನಾಗಿಯೇ ಬಳಕೆಯಲ್ಲಿದ್ದವು. ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರಾವಾಲಾ ದೆಹಲಿಯಲ್ಲಿ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಮತ್ತು ಬಲ್ಬಿನ ಗನ್ನು ಹಿಡಿದೇ ಕೆಲಸ ಮಾಡಿದವರು. ಪ್ರತಿ ಚಿತ್ರಕ್ಕೂ ಒಂದು ಬಲ್ಬು ಸುಡಬೇಕಾದಾಗ ಒಂದು ಸಮಾರಂಭಕ್ಕೆ ಎಷ್ಟು ಬಾರಿ ಒತ್ತಬಹುದು ಎಂಬುದನ್ನು ಜೇಬಿನಲ್ಲಿರುವ ಬಲ್ಬುಗಳೇ ಹೇಳುತ್ತಿದ್ದವು. ಆ ಕಾಲದ ಮದುವೆ ಆಲ್ಬಮ್ಮುಗಳಲ್ಲಿ ಚಿತ್ರಗಳು ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ ಎಂದು ನಮಗನ್ನಿಸುತ್ತದೆ.

1965ರಲ್ಲಿ ನಾಲ್ಕು ಪುಟ್ಟ ಬಲ್ಬುಗಳ ಫ್ಲ್ಯಾಶ್‌ಕ್ಯೂಬ್ ಬಂತು, 1970ರ ಹೊತ್ತಿಗೆ ಬ್ಯಾಟರಿಯೇ ಬೇಡದ, ಸ್ಪ್ರಿಂಗಿನ ಏಟಿಗೆ ಹೊತ್ತುವ ಮ್ಯಾಜಿಕ್ಯೂಬ್. ಅಷ್ಟರಲ್ಲಿ ಎಲೆಕ್ಟ್ರಾನಿಕ್ ಫ್ಲ್ಯಾಶ್ ಅಗ್ಗವಾಗಿ ಎಲ್ಲವನ್ನೂ ಹಿಂದಕ್ಕೆ ತಳ್ಳಿತು. ಗುಹೆಗಳಂಥ ವಿಶಾಲ ಕತ್ತಲೆಗೆ ಮಾತ್ರ ದೊಡ್ಡ ಬಲ್ಬಿಗೆ ಬೇಡಿಕೆ ಉಳಿಯಿತು. ಅಂಥವರಿಗಾಗಿ ಐರ್ಲೆಂಡಿನ ಮೆಗಾಫ್ಲ್ಯಾಶ್ ಸಂಸ್ಥೆ ಎಲ್ಲರೂ ನಿಲ್ಲಿಸಿದ ಮೇಲೂ ತಯಾರಿಸಿತು.

ಉರಿದ ಬಲ್ಬನ್ನು ಏನು ಮಾಡುವುದು?

ಕನಿಷ್ಠ ಅರ್ಧ ನಿಮಿಷ ಮುಟ್ಟಬೇಡಿ, ಗಾಜು ಚರ್ಮ ಸುಡುವಷ್ಟು ಬಿಸಿಯಿರುತ್ತದೆ. ಗನ್ನಿನಲ್ಲಿ ಬಲ್ಬನ್ನು ಹೊರತಳ್ಳುವ ಎಜೆಕ್ಟರ್ ಗುಂಡಿಯಿದ್ದರೆ ಬಟ್ಟೆ ಹಿಡಿದು ಅದರೊಳಗೆ ಬೀಳಿಸಿ. ಒಳಗಿನ ಬಿಳಿ ಲೇಪ ಅಲ್ಯೂಮಿನಿಯಂ ಆಕ್ಸೈಡ್, ವಿಷವಲ್ಲ. ಲ್ಯಾಕರ್ ಗುಳ್ಳೆಯೆದ್ದು, ಗಾಜು ಒಳಗೇ ಸಾವಿರ ಸೀಳಾಗಿ ಅಂಗಿಯೊಂದರ ಬಲದಲ್ಲಿ ನಿಂತಿರುವುದು ಕಾಣುತ್ತದೆ. ಕಾಗದದಲ್ಲಿ ಸುತ್ತಿ ಒಡೆದ ಗಾಜಿನ ಕಸಕ್ಕೆ ಹಾಕಿ.